ಗಟ್ಟಿಯಾದ ಡ್ರಾಯಿಂಗ್ ಇಂಕನ್ನು ಮತ್ತೆ ಹರಿಯುವ ಹಾಗೆ ಮಾಡುವುದು ಹೇಗೆ: ಮಲೆನಾಡಿನಲ್ಲಿ ಚಿತ್ರ ಬರೆಯುವವರಿಗೆ ಸಮಗ್ರ ಮಾರ್ಗದರ್ಶಿ

ಶಿವಮೊಗ್ಗದಲ್ಲಿ ಮಾರ್ಚ್ ಕಳೆಯುವಷ್ಟರಲ್ಲಿ ಡ್ರಾಯಿಂಗ್ ಇಂಕ್ ಕಾಟ ಕೊಡಲು ಶುರು ಮಾಡುತ್ತದೆ. ನಿಬ್ಬು ಅದ್ದಿ ಎಳೆದರೆ ಗೆರೆ ಎರಡು ಇಂಚು ಹೋಗಿ ನಿಂತುಬಿಡುತ್ತದೆ. ಮುಚ್ಚಳ ತಿರುಗುವುದಿಲ್ಲ. ಹೇಗೋ ತೆಗೆದು ನೋಡಿದರೆ ಮೇಲೆ ಹಾಲಿನ ಕೆನೆಯ ಹಾಗೆ ಪದರ ಕಟ್ಟಿರುತ್ತದೆ. ಮಳೆಗಾಲದಲ್ಲಿ ಬೇರೆಯದೇ ಸಮಸ್ಯೆ. ಇಂಕ್ ಒಣಗುವುದಿಲ್ಲ, ಆದರೆ ಬೂಷ್ಟು ಹಿಡಿಯುತ್ತದೆ.

ಹೆಚ್ಚಿನವರು ಮಾಡುವ ಕೆಲಸ ಎರಡೇ. ಒಂದೋ ನಲ್ಲಿ ನೀರು ಸುರಿದು ಕುಲುಕುತ್ತಾರೆ, ಇಲ್ಲವೇ ಬಾಟಲಿಯನ್ನೇ ಎಸೆಯುತ್ತಾರೆ. ಎರಡೂ ಬೇಡ. ಗಟ್ಟಿಯಾದ ಇಂಕನ್ನು ಬಹಳ ಸಲ ಉಳಿಸಬಹುದು. ಆದರೆ ಒಂದು ಹನಿ ಹಾಕುವ ಮುಂಚೆಯೂ ಆ ಇಂಕಿನಲ್ಲಿರುವ ಅಂಟು ಯಾವುದು ಅಂತ ತಿಳಿದುಕೊಳ್ಳಲೇಬೇಕು. ಮುಂದಿನ ಕೆಲಸವೆಲ್ಲ ಅದರ ಮೇಲೆ ನಿಂತಿದೆ.

ಕೆಡುವುದು ಕರಿ ಅಲ್ಲ, ಅಂಟು

ಕಪ್ಪು ಡ್ರಾಯಿಂಗ್ ಇಂಕ್ ಅಂದರೆ ನೀರಿನಲ್ಲಿ ತೇಲುವ ಸಣ್ಣ ಸಣ್ಣ ಇಂಗಾಲದ ಕಣಗಳು. ಇಂಗಾಲಕ್ಕೆ ವಯಸ್ಸಾಗುವುದಿಲ್ಲ. ಸಾಗರದ ಹತ್ತಿರ ಕೆಳದಿ ಮ್ಯೂಸಿಯಂನಲ್ಲಿ ಹಳೆಯ ತಾಳೆಗರಿಗಳಿವೆ. ತಾಳೆಗರಿಯ ಮೇಲೆ ಕಂಟ ಅನ್ನುವ ಚೂಪು ಮೊನೆಯ ಲೋಹದ ಕಡ್ಡಿಯಿಂದ ಅಕ್ಷರ ಕೊರೆದು, ಆಮೇಲೆ ಮಸಿ ಸವರುತ್ತಿದ್ದರು. ಗರಿ ಕಂದಾದರೂ ಮುರಿದರೂ ಮಸಿ ಮಾತ್ರ ಕಪ್ಪಾಗಿಯೇ ಇರುತ್ತದೆ.

ಕೈ ಕೊಡುವುದು ಆ ಕಣಗಳನ್ನು ಹಿಡಿದಿಟ್ಟಿರುವ ಅಂಟು. ಅದರಲ್ಲಿ ಮುಖ್ಯವಾಗಿ ಮೂರು ಬಗೆ.

ಮೊದಲನೆಯದು ಅರಗು. 'ವಾಟರ್‌ಪ್ರೂಫ್' ಅಂತ ಬರೆದಿರುವ ಹಳೆಯ ಮಾದರಿಯ ಇಂಡಿಯಾ ಇಂಕ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಇದೇ. ಬಡಗಿಗಳು ಫ್ರೆಂಚ್ ಪಾಲಿಶ್‌ಗೆ ಸ್ಪಿರಿಟ್ಟಿನಲ್ಲಿ ಕರಗಿಸುವ ಅರಗೂ ಇದೇ. ಅರಗು ಬರೀ ನೀರಿನಲ್ಲಿ ಕರಗುವುದಿಲ್ಲ. ಬಿಳಿಗಾರವೋ (ಬೋರಾಕ್ಸ್) ಅಮೋನಿಯಾವೋ ಸೇರಿಸಿದ ಕ್ಷಾರದ ನೀರಿನಲ್ಲಿ ಕರಗುತ್ತದೆ. ಅರಗು, ಬಿಳಿಗಾರ, ಲೋಧ್ರ ಮರದ ತೊಗಟೆ ಸೇರಿಸಿ ಕುದಿಸಿ, ದೀಪದ ಕಾಡಿಗೆ ಅರೆದು ಮಸಿ ಮಾಡುವ ಪದ್ಧತಿ ನಮ್ಮ ದೇಶದಲ್ಲಿ ಮೊದಲಿನಿಂದಲೂ ಇತ್ತು.

ಎರಡನೆಯದು ಗೋಂದು, ಅಂದರೆ ಜಾಲಿ ಜಾತಿಯ ಮರದ ಅಂಟು. ಒಣಗಿದ ಮೇಲೂ ನೀರು ತಾಗಿದರೆ ಕರಗುತ್ತದೆ. ಉಳಿಸಿಕೊಳ್ಳಲು ಎಲ್ಲಕ್ಕಿಂತ ಸುಲಭ ಇದು. ಬೂಷ್ಟು ಬೇಗ ಹಿಡಿಯುವುದೂ ಇದಕ್ಕೇ.

ಮೂರನೆಯದು ಅಕ್ರಿಲಿಕ್. ಇದು ಒಂದು ಥರದ ಪ್ಲಾಸ್ಟಿಕ್. ಒಣಗಿದ ಮೇಲೆ ನೀರಿಗೂ ಬಗ್ಗುವುದಿಲ್ಲ, ಕ್ಷಾರಕ್ಕೂ ಬಗ್ಗುವುದಿಲ್ಲ.

ಬೇಕಾಗುವ ಸಾಮಾನು

ಡಿಸ್ಟಿಲ್ಡ್ ವಾಟರ್: ಇನ್ವರ್ಟರ್, ಬ್ಯಾಟರಿ ಅಂಗಡಿಯಲ್ಲಿ ಕ್ಯಾನಿನಲ್ಲಿ ಸಿಗುತ್ತದೆ. ಕೊಳ್ಳುವಾಗ ಅದು ನೀರೇ ಹೌದಾ ಅಂತ ಲೇಬಲ್ ಓದಿ. ಅದೇ ಅಂಗಡಿಯಲ್ಲಿ ಬ್ಯಾಟರಿ ಆಸಿಡ್ಡೂ ಇರುತ್ತದೆ.

ಬಿಳಿಗಾರ: ಗಾಂಧಿ ಬಜಾರಿನ ಕಡೆ ಗ್ರಂಧಿಗೆ ಅಂಗಡಿಗಳಲ್ಲಿ ಕೇಳಿ. ಅಕ್ಕಸಾಲಿಗರೂ ಬೆಸುಗೆಗೆ ಬಳಸುವುದರಿಂದ ಹುಡುಕುವುದು ಕಷ್ಟವಲ್ಲ. ಹೊಟ್ಟೆಗೆ ಹೋಗಬಾರದ ವಸ್ತು ಇದು. ಇದಕ್ಕೆ ಬಳಸಿದ ಚಮಚ, ಲೋಟ ಮತ್ತೆ ಅಡುಗೆಮನೆಗೆ ಹೋಗಕೂಡದು.

ಐಸೊಪ್ರೊಪೈಲ್ ಆಲ್ಕೋಹಾಲ್: ಮೊಬೈಲ್ ರಿಪೇರಿಯವರು ಐಪಿಎ ಅನ್ನುತ್ತಾರೆ. ತೊಳೆಯುವುದಕ್ಕೆ ಮಾತ್ರ. ಬೆಂಕಿಯಿಂದ ದೂರ ಇಡಿ.

ಇದರ ಜೊತೆಗೆ ಮೆಡಿಕಲ್ ಶಾಪಿನ ಒಂದು ಡ್ರಾಪರ್, ಎರಡು ಮೂರು ಖಾಲಿ 10 ಎಂಎಲ್ ಬಾಟಲಿ, ಹಳೆಯ ನೈಲಾನ್ ಕಾಲುಚೀಲ, ಒಂದು ಬಿಳಿ ತಟ್ಟೆ ಅಥವಾ ಟೈಲ್ಸ್ ತುಂಡು ಇದ್ದರೆ ಸಾಕು.

ನೀರಿನ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಬೋರ್‌ವೆಲ್ ನೀರಿನಲ್ಲಿರುವ ಸುಣ್ಣದ ಅಂಶ ಅರಗಿನ ಜೊತೆ ಸೇರಿ ಕರಗದ ಗಸಿಯಾಗುತ್ತದೆ. ಲವಣಗಳು ಇಂಗಾಲದ ಕಣಗಳನ್ನು ಒಂದಕ್ಕೊಂದು ಅಂಟಿಸಿ ಗಂಟು ಕಟ್ಟಿಸುತ್ತವೆ. ಆಮೇಲೆ ಏನು ಮಾಡಿದರೂ ಸರಿಯಾಗುವುದಿಲ್ಲ. ಡಿಸ್ಟಿಲ್ಡ್ ವಾಟರ್ ಸಿಗದಿದ್ದರೆ ಮಳೆನೀರು ಆಗುತ್ತದೆ. ನಮ್ಮ ಕಡೆ ಅದಕ್ಕೇನು ಬರವೇ? ಹಂಚಿನಿಂದ ಇಳಿದ ನೀರು ಬೇಡ. ನಾಲ್ಕೈದು ಮಳೆ ಬಿದ್ದು ಗಾಳಿಯ ಧೂಳು ಹೋದ ಮೇಲೆ ಅಂಗಳದ ನಡುವೆ ಪಾತ್ರೆ ಇಟ್ಟು ಹಿಡಿಯಿರಿ. ಸೋಸಿ, ಕುದಿಸಿ, ಆರಿಸಿ ಇಟ್ಟುಕೊಳ್ಳಿ.

ಹಂತ 1: ಮುಚ್ಚಳ ಬಿಡಿಸುವುದು

ಅಂಟಿಕೊಂಡ ಮುಚ್ಚಳವನ್ನು ಗೋಡೆಗೆ ಕುಟ್ಟಬೇಡಿ, ಇಕ್ಕಳದಲ್ಲೂ ತಿರುಗಿಸಬೇಡಿ. ಗಾಜು ಒಡೆದರೆ ಇಂಕೂ ಹೋಯಿತು, ಕೈಯೂ ಹೋಯಿತು. ಕೈ ತಡೆಯುವಷ್ಟು ಬಿಸಿ ನೀರನ್ನು ತಟ್ಟೆಯಲ್ಲಿ ಹಾಕಿ, ಬಾಟಲಿಯನ್ನು ಬೋರಲು ಹಿಡಿದು ಮುಚ್ಚಳ ಮಾತ್ರ ಮುಳುಗಿಸಿ. ಐದು ಹತ್ತು ನಿಮಿಷ ಬಿಡಿ. ಅರಗು ಬಿಸಿಗೆ ಮೆತ್ತಗಾಗುತ್ತದೆ, ಗೋಂದು ನೀರಿಗೆ ಸಡಿಲವಾಗುತ್ತದೆ. ಒರೆಸಿ, ರಬ್ಬರ್ ಬ್ಯಾಂಡ್ ಸುತ್ತಿ ತಿರುಗಿಸಿ. ಬಿಟ್ಟ ಮೇಲೆ ಬಾಟಲಿಯ ಕತ್ತನ್ನೂ ಮುಚ್ಚಳದ ಒಳಗನ್ನೂ ಒದ್ದೆ ಬಟ್ಟೆಯಿಂದ ಚೊಕ್ಕವಾಗಿ ಒರೆಸಿ. ಅಲ್ಲಿ ಉಳಿದ ಚೂರುಗಳೇ ಒಳಗೆ ಬಿದ್ದು ಮುಂದೆ ನಿಬ್ಬಿಗೆ ಸಿಕ್ಕಿಕೊಳ್ಳುವುದು.

ಒರೆಸುವಾಗ ಸಿಗುವ ಒಣ ಚಕ್ಕೆಗಳನ್ನು ಎಸೆಯಬೇಡಿ. ಮುಂದಿನ ಹಂತಕ್ಕೆ ಅವೇ ಬೇಕು.

ಹಂತ 2: ಚಕ್ಕೆ ಪರೀಕ್ಷೆ

ಇಡೀ ಕೆಲಸದಲ್ಲಿ ನಾನು ತುಂಬ ನೆಚ್ಚುವುದು ಈ ಪರೀಕ್ಷೆಯನ್ನು. ಲೇಬಲ್ ಹರಿದುಹೋದ ಬಾಟಲಿಯಾದರೂ ತನ್ನ ಗುಟ್ಟು ಹೇಳಿಬಿಡುತ್ತದೆ.

ಮೊದಲು ಒಂದು ಚಕ್ಕೆಯನ್ನು ಉಗುರಿನಲ್ಲಿ ಬಗ್ಗಿಸಿ. ಪಟ್ ಅಂತ ಮುರಿದು ಅಂಚು ಹೊಳೆದರೆ ಅರಗೋ ಗೋಂದೋ ಇರಬೇಕು. ಮುರಿಯದೆ ಬಗ್ಗಿ, ಎಳೆದರೆ ಹಿಗ್ಗಿದರೆ ಅಕ್ರಿಲಿಕ್.

ಈಗ ಮೂರು ಬಾಟಲಿ ಮುಚ್ಚಳಗಳನ್ನು ಸಾಲಾಗಿ ಇಡಿ. ಒಂದರಲ್ಲಿ ಬರೀ ಡಿಸ್ಟಿಲ್ಡ್ ವಾಟರ್. ಇನ್ನೊಂದರಲ್ಲಿ ಬಿಳಿಗಾರದ ಬೆಚ್ಚನೆ ನೀರು. ಮತ್ತೊಂದರಲ್ಲಿ ಐಪಿಎ. ಬಿಳಿಗಾರದ ನೀರಿನ ಲೆಕ್ಕ ಸರಳ: 100 ಎಂಎಲ್ ಬಿಸಿ ನೀರಿಗೆ 2 ಗ್ರಾಂ, ಅಂದಾಜು ಅರ್ಧ ಟೀ ಚಮಚ. ಪೂರ್ತಿ ಕರಗುವ ತನಕ ಕಲಕಿ. ಪ್ರತಿ ಮುಚ್ಚಳಕ್ಕೂ ಒಂದು ಚಕ್ಕೆ ಹಾಕಿ ಅರ್ಧ ಗಂಟೆ ಸುಮ್ನೆ ಬಿಡಿ.

ಬರೀ ನೀರಿನಲ್ಲೇ ಚಕ್ಕೆಯ ಸುತ್ತ ಕಪ್ಪು ಬಿಟ್ಟು, ಮುಟ್ಟಿದರೆ ಜಿಗುಟಾದರೆ ಅದು ಗೋಂದು. ಐಪಿಎಯಲ್ಲಿ ಇಂಥ ಚಕ್ಕೆ ಕದಲುವುದೇ ಇಲ್ಲ. ನೀರಿನಲ್ಲಿ ಹಾಕಿದ್ದು ಹಾಗೇ ಹೊಳೆಯುತ್ತಾ ಕೂತಿದ್ದು, ಬಿಳಿಗಾರದಲ್ಲಿ ಮೆಲ್ಲಗೆ ಬಣ್ಣ ಬಿಟ್ಟು, ಐಪಿಎಯಲ್ಲಿ ಕರಗಿ ಕಂದುಗಪ್ಪಾದರೆ ಅರಗು. ನೀರು, ಬಿಳಿಗಾರ ಎರಡಕ್ಕೂ ಜಗ್ಗದೆ, ಐಪಿಎಯಲ್ಲಿ ಮಾತ್ರ ಊದಿಕೊಂಡು ಮೆತ್ತಗಾಗಿ ಪದರದ ರೂಪದಲ್ಲೇ ಉಳಿದರೆ ಅಕ್ರಿಲಿಕ್.

ಹಂತ 3: ಪದರ ತೆಗೆಯುವುದು

ಮೇಲಿನ ಪದರವನ್ನು ಕಲಕಿ ಒಳಗೆ ಸೇರಿಸುವ ಆಸೆ ಆಗುತ್ತದೆ. ಬೇಡ. ಅದು ಮತ್ತೆ ಸುಲಭಕ್ಕೆ ಪೂರ್ತಿ ಕರಗುವುದಿಲ್ಲ, ಚೂರಾಗಿ ಎಲ್ಲ ಕಡೆ ಹರಡುತ್ತದೆ. ದಪ್ಪ ಸೂಜಿಯಿಂದಲೋ ಊದಿನಕಡ್ಡಿಯ ಬುಡದಿಂದಲೋ ಅಂಚಿನಿಂದ ಬಿಡಿಸಿ, ಆದಷ್ಟು ಒಂದೇ ತುಂಡಾಗಿ ಎತ್ತಿ ತೆಗೆಯಿರಿ.

ಹಂತ 4: ಅರಗಿನ ಇಂಕನ್ನು ತಿಳಿ ಮಾಡುವುದು

ಬಾಟಲಿಯ ಮುಚ್ಚಳ ಹಾಕಿ ಸುಮಾರು 40 ಡಿಗ್ರಿ ಬಿಸಿ ನೀರಿನಲ್ಲಿ ಕಾಲು ಗಂಟೆ ನಿಲ್ಲಿಸಿ. ಒಲೆಯ ಮೇಲೆ ಇಡಬೇಡಿ, ಕುದಿಯುವ ನೀರೂ ಬೇಡ. ಆಮೇಲೆ ಬಾಟಲಿಯನ್ನು ಅಂಗೈಗಳ ನಡುವೆ ಹೊರಳಿಸಿ. ಜೋರಾಗಿ ಕುಲುಕಿದರೆ ನೊರೆ ಬರುತ್ತದೆ, ಆ ಗುಳ್ಳೆಗಳು ಗೆರೆಯಲ್ಲಿ ಬಿಳಿ ಚುಕ್ಕೆ ಬಿಡುತ್ತವೆ.

30 ಎಂಎಲ್ ಬಾಟಲಿಗೆ ಮೊದಲು 5 ಹನಿ ಡಿಸ್ಟಿಲ್ಡ್ ವಾಟರ್ ಹಾಕಿ, ಹೊರಳಿಸಿ, ಹತ್ತು ನಿಮಿಷ ಬಿಟ್ಟು ನಿಬ್ಬಿನಿಂದ ಗೆರೆ ಎಳೆದು ನೋಡಿ. ಸಾಲದಿದ್ದರೆ ಇನ್ನೂ 5 ಹನಿ. ಹೀಗೆ 3 ಎಂಎಲ್ ತನಕ, ಅಂದರೆ ಸುಮಾರು 60 ಹನಿ ತನಕ ಹೋಗಬಹುದು. ಅದಕ್ಕಿಂತ ಜಾಸ್ತಿ ಹಾಕಿದರೆ ಕಪ್ಪು ಬೂದಿಯಾಗುತ್ತದೆ, ಕಾಗದದ ಮೇಲೆ ಹಿಡಿತವೂ ಕಮ್ಮಿಯಾಗುತ್ತದೆ.

ಇಷ್ಟಾದರೂ ಇಂಕ್ ನಿಬ್ಬಿನಿಂದ ಎಳೆ ಎಳೆಯಾಗಿ ಇಳಿಯುತ್ತಿದ್ದರೆ ಅಲ್ಲಿ ಕೊರತೆ ನೀರಿನದಲ್ಲ, ಕ್ಷಾರದ್ದು. ಅಮೋನಿಯಾ ಹಾಕಿ ಮಾಡಿದ ಇಂಕ್ ಆಗಿದ್ದರೆ, ಮುಚ್ಚಳ ತೆಗೆದಾಗಲೆಲ್ಲ ಅಮೋನಿಯಾ ಹಾರಿಹೋಗುತ್ತದೆ. ಅದು ಹೋದಷ್ಟೂ ಅರಗು ನೀರು ಬಿಟ್ಟು ಗಟ್ಟಿಯಾಗುತ್ತದೆ. ಆಗ ಬರೀ ನೀರು ಎಷ್ಟು ಸುರಿದರೂ ಪ್ರಯೋಜನವಿಲ್ಲ. ಬಿಳಿಗಾರದ ನೀರನ್ನು ಐದೈದು ಹನಿಯಾಗಿ ಹಾಕಿ. 30 ಎಂಎಲ್‌ಗೆ ಒಟ್ಟು 1 ಎಂಎಲ್ ದಾಟಬೇಡಿ. ಮುಚ್ಚಿ ಒಂದು ರಾತ್ರಿ ಬಿಡಿ. ಕ್ಷಾರ ಅರಗಿನೊಳಗೆ ಇಳಿಯಲು ಹೊತ್ತು ಬೇಕು.

ಅಮೋನಿಯಾವನ್ನೇ ಬಳಸುವವರೂ ಇದ್ದಾರೆ. ಕೆಲಸ ಬೇಗ ಆಗುತ್ತದೆ ನಿಜ. ಆದರೆ ಮನೆಯಲ್ಲಿ ಮಕ್ಕಳಿದ್ದರೆ ನಾನು ಬಿಳಿಗಾರವನ್ನೇ ಹೇಳುತ್ತೇನೆ. ಅಮೋನಿಯಾ ಬಳಸುವುದಾದರೆ ಜಗಲಿಯಲ್ಲೋ ಅಂಗಳದಲ್ಲೋ ಗಾಳಿಯಾಡುವ ಕಡೆ ಕೂತು ಮಾಡಿ. ಬ್ಲೀಚಿಂಗ್ ಪೌಡರ್ ಅಥವಾ ಬ್ಲೀಚ್ ಇರುವ ಯಾವ ಕ್ಲೀನರ್ ಜೊತೆಗೂ ಸೇರಬಾರದು. ವಿಷದ ಹೊಗೆ ಏಳುತ್ತದೆ.

ನಿಂಬೆರಸ, ವಿನೆಗರ್ ಹತ್ತಿರ ಕೂಡ ತರಬೇಡಿ. ಹುಳಿ ತಾಗಿದ ಕೂಡಲೇ ಅರಗು ಬೇರ್ಪಟ್ಟು ಇಂಕ್ ಒಡೆಯುತ್ತದೆ. ಒಣಗಿದ ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ ಅಂತ ಬಾಟಲಿಗೆ ಸ್ಪಿರಿಟ್ ಹಾಕುವುದೂ ತಪ್ಪು. ನೀರಿನ ಇಂಕಿನಲ್ಲಿ ಅದು ಕಣಗಳನ್ನು ಗಂಟು ಕಟ್ಟಿಸಬಹುದು.

ಗೋಂದಿನ ಇಂಕ್, ಅಕ್ರಿಲಿಕ್, ಬೇರೆ ಇಂಕ್‌ಗಳು

ಗೋಂದಿನದಕ್ಕೆ ಬೆಚ್ಚನೆ ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೇನೂ ಬೇಡ. ಪೂರ್ತಿ ಒಣಗಿದ್ದರೂ ಮುಳುಗುವಷ್ಟು ನೀರು ಹಾಕಿ ಒಂದೆರಡು ದಿನ ಬಿಟ್ಟರೆ ಸಡಿಲವಾಗುತ್ತದೆ. ಮಳೆಗಾಲಕ್ಕೆ ಮುಂಚೆ ಒಂದು ಹನಿ ಲವಂಗದ ಎಣ್ಣೆ ಸೇರಿಸಿದರೆ ಬೂಷ್ಟು ಬೇಗ ಬರುವುದಿಲ್ಲ. ಆಗುಂಬೆ, ಹೊಸನಗರ, ತೀರ್ಥಹಳ್ಳಿ ಕಡೆ ಇರುವವರಿಗೆ ಇನ್ನೊಂದು ಮಾತು. ಗೋಂದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಆಷಾಢದಲ್ಲಿ ಗೋಂದಿನ ಇಂಕಿನಲ್ಲಿ ಬರೆದ ಚಿತ್ರಗಳನ್ನು ಒಂದರ ಮೇಲೊಂದು ಇಟ್ಟರೆ ಅಂಟಿಕೊಳ್ಳುತ್ತವೆ. ನಡುವೆ ಬಟರ್ ಪೇಪರ್ ಹಾಕಿ.

ಅಕ್ರಿಲಿಕ್ ಬರೀ ದಪ್ಪವಾಗಿದ್ದರೆ ಕೆಲವು ಹನಿ ಡಿಸ್ಟಿಲ್ಡ್ ವಾಟರ್ ಸಾಕು. ಆ ಇಂಕಿನ ಕಂಪನಿಯದೇ ಅಕ್ರಿಲಿಕ್ ಮೀಡಿಯಂ ಸಿಕ್ಕರೆ ಇನ್ನೂ ಒಳ್ಳೆಯದು. ಗಂಟು ಕಟ್ಟಿದ್ದರೆ ಗಂಟು ಸೋಸಿ ಉಳಿದದ್ದನ್ನು ಬಳಸಿ. ಪೂರ್ತಿ ಒಣಗಿದ್ದರೆ ಆ ಬಾಟಲಿಯ ಆಸೆ ಬಿಡಿ.

ಬಿಳಿ ಇಂಕ್ ಬಹಳ ಸಲ ಒಣಗಿರುವುದೇ ಇಲ್ಲ. ಟೈಟಾನಿಯಂ ಬಿಳುಪು ಭಾರದ ಪುಡಿ, ತಳಕ್ಕೆ ಕೂತು ಗಟ್ಟಿಯಾಗಿರುತ್ತದೆ. ನೀರು ಹಾಕುವ ಮುಂಚೆ ಕಡ್ಡಿಯಿಂದ ತಳ ಕೆದಕಿ ನಿಧಾನಕ್ಕೆ ಕಲಕಿ ನೋಡಿ. ಫೌಂಟನ್ ಪೆನ್ನಿನ ಇಂಕಿಗೆ ಡಿಸ್ಟಿಲ್ಡ್ ವಾಟರ್ ಸಾಕು.

ಮನೆಯ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುವವರ ಬಣ್ಣಗಳ ಲೆಕ್ಕ ಬೇರೆ. ಕೆಮ್ಮಣ್ಣು ಒಣಗಿದರೆ ನೀರು ಹಾಕಿ ಅರೆದರೆ ಸರಿಹೋಗುತ್ತದೆ. ಸುಟ್ಟ ಅಕ್ಕಿಯ ಕಪ್ಪೂ ಹಾಗೇ. ಅಕ್ಕಿ ಅರೆದು ಮಾಡಿದ ಬಿಳಿ ಮಾತ್ರ ಹುಳಿ ಬರುತ್ತದೆ, ಅದನ್ನು ಉಳಿಸಲು ಹೋಗದೆ ಹೊಸದಾಗಿ ಅರೆಯುವುದೇ ಸರಿ. ಈಗ ಕಾಗದ, ಬಟ್ಟೆಯ ಮೇಲೆ ಚಿತ್ತಾರ ಬರೆಯಲು ಬಾಟಲಿ ಇಂಕ್ ಬಳಸುವವರು ಒಂದು ವಿಷಯ ನೆನಪಿಡಿ. ಪುಂಡಿ ನಾರಿನ ಕುಂಚದಲ್ಲಿ ಅರಗಿನ ಇಂಕ್ ಒಣಗಲು ಬಿಟ್ಟರೆ ಆ ಕುಂಚ ಮತ್ತೆ ಕೆಲಸಕ್ಕೆ ಬರುವುದಿಲ್ಲ. ಬರೆಯುತ್ತಿರುವಾಗಲೇ ನಡುನಡುವೆ ತೊಳೆಯುತ್ತಿರಬೇಕು.

ಹಂತ 5: ಪೂರ್ತಿ ಒಣಗಿದ ಅರಗಿನ ಇಂಕ್

ತಳದಲ್ಲಿ ಗಟ್ಟಿ ಹೆಂಟೆ ಮಾತ್ರ ಉಳಿದಿದ್ದರೂ ದಾರಿ ಇದೆ. ಹೆಂಟೆಯನ್ನು ಕೆದಕಿ ತೆಗೆದು, ಅಡುಗೆಗೆ ಬಳಸದ ಸಣ್ಣ ಕುಟ್ಟಾಣಿಯಲ್ಲಿ ನುಣ್ಣಗೆ ಪುಡಿ ಮಾಡಿ. ಪುಡಿ ನುಣ್ಣಗಾದಷ್ಟೂ ಫಲ ಜಾಸ್ತಿ. ಗಾಜಿನ ಬಾಟಲಿಗೆ ಹಾಕಿ, ಅದರ ಮಟ್ಟಕ್ಕಿಂತ ಸ್ವಲ್ಪ ಮೇಲೆ ಬರುವಷ್ಟು ಬಿಳಿಗಾರದ ನೀರು ಹಾಕಿ. ಮೂರು ದಿನ ಬಿಡಿ. ದಿನಕ್ಕೆ ಎರಡು ಸಲ ಬಿಸಿ ನೀರಿನ ಪಾತ್ರೆಯಲ್ಲಿ ನಿಲ್ಲಿಸಿ, ಕಡ್ಡಿಯಿಂದ ಕಲಕಿ. ಆಮೇಲೆ ಸೋಸಿ.

ಹೀಗೆ ಸಿಕ್ಕಿದ್ದು ಬ್ರಷ್ ಕೆಲಸಕ್ಕೆ, ಹಿನ್ನೆಲೆ ತುಂಬಲು, ನೀರು ಬೆರೆಸಿ ನೆರಳು ಕೊಡಲು ಚೆನ್ನಾಗಿರುತ್ತದೆ. ಸಣ್ಣ ಕೊಳವೆ ತುದಿಯ, ನಕ್ಷೆ ಬರೆಯುವ ಟೆಕ್ನಿಕಲ್ ಪೆನ್ನಿಗೆ ಮಾತ್ರ ಯಾವ ಕಾರಣಕ್ಕೂ ಹಾಕಬೇಡಿ.

ಹಂತ 6: ಸೋಸಿ ಪರೀಕ್ಷಿಸುವುದು

ಟೀ ಜರಡಿಯ ಕಣ್ಣು ಇದಕ್ಕೆ ದೊಡ್ಡದು. ನೈಲಾನ್ ಕಾಲುಚೀಲವನ್ನು ಎರಡು ಪದರ ಮಾಡಿ, ಡಿಸ್ಟಿಲ್ಡ್ ವಾಟರಿನಲ್ಲಿ ಒದ್ದೆ ಮಾಡಿ ಹಿಂಡಿ, ಹೊಸ ಬಾಟಲಿಯ ಬಾಯಿಗೆ ಕಟ್ಟಿ ಸೋಸಿ. ಹಿಂಡಿ ಇಳಿಸಬೇಡಿ. ತಾನಾಗಿ ಇಳಿದದ್ದು ಮಾತ್ರ ನಿಮ್ಮದು.

ಈಗ ಬಿಳಿ ತಟ್ಟೆಯ ಮೇಲೆ ಒಂದು ಹನಿ ಬಿಟ್ಟು ತಟ್ಟೆಯನ್ನು ಓರೆ ಮಾಡಿ. ಒಳ್ಳೆಯ ಇಂಕ್ ಒಂದೇ ಸಮನಾದ ಕಂದುಗಪ್ಪು ಪದರವಾಗಿ ಜಾರುತ್ತದೆ, ಅಂಚಿನ ತನಕವೂ ಬಣ್ಣ ಇರುತ್ತದೆ. ಒಡೆದ ಇಂಕಿನಲ್ಲಿ ಸಣ್ಣ ಮರಳಿನಷ್ಟು ಕರಿ ಕಣಗಳು ಹಿಂದೆ ಉಳಿದು, ಅಂಚಿನಲ್ಲಿ ತಿಳಿ ನೀರು ಮುಂದೆ ಓಡುತ್ತದೆ. ಹೀಗೆ ಕಂಡರೆ ಅದನ್ನು ಮತ್ತೆ ಸರಿಮಾಡಲು ಹೋಗಬೇಡಿ.

ತಟ್ಟೆಯಲ್ಲಿ ಪಾಸಾದರೆ ಕಾಗದಕ್ಕೆ ಬನ್ನಿ. ನೀವು ದಿನವೂ ಬಳಸುವ ಕಾಗದದ ಮೇಲೆಯೇ ಗೆರೆ ಎಳೆದು ಒಂದು ದಿನ ಒಣಗಲು ಬಿಡಿ, ಮಳೆಗಾಲವಾದರೆ ಎರಡು ದಿನ. ಆಮೇಲೆ ಒದ್ದೆ ಬ್ರಷ್ ಆಡಿಸಿ. ಗೆರೆ ಕದಡಿದರೆ ಆ ಇಂಕಿನ ಮೇಲೆ ವಾಟರ್‌ಕಲರ್ ಹಾಕಬೇಡಿ. ಬರೀ ಗೆರೆಚಿತ್ರಕ್ಕೆ ಇಟ್ಟುಕೊಳ್ಳಿ. ಡ್ರಾಯಿಂಗ್ ಲೋಯರ್, ಹೈಯರ್ ಪರೀಕ್ಷೆಗೆ ಕೂರುವ ಮಕ್ಕಳು ಪರೀಕ್ಷೆಯ ದಿನ ಹೊಸ ಬಾಟಲಿಯನ್ನೇ ಒಯ್ಯಲಿ. ರಿಪೇರಿ ಮಾಡಿದ್ದು ಅಭ್ಯಾಸಕ್ಕಿರಲಿ.

ಒಳಗೇ ಒಣಗಿದ ಪೆನ್ನು, ನಿಬ್ಬು

ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯುವ ಕಾಲಕ್ಕೆ ನಕ್ಷೆಗಳನ್ನೆಲ್ಲ ಕೈಯಲ್ಲೇ ಬರೆಯುತ್ತಿದ್ದರು. ಕಂಪ್ಯೂಟರ್ ಬರುವ ತನಕ ಡ್ರಾಫ್ಟ್ಸ್‌ಮನ್ ಆಗಿದ್ದವರ ಮನೆಯ ಟ್ರಂಕಿನಲ್ಲಿ ಇಂದಿಗೂ ರೋಟ್ರಿಂಗ್ ಥರದ ಟೆಕ್ನಿಕಲ್ ಪೆನ್ನು ಸಿಕ್ಕರೆ ಆಶ್ಚರ್ಯವಿಲ್ಲ. ಅದನ್ನು ಗುಜರಿಗೆ ಹಾಕುವ ಮುಂಚೆ ಒಮ್ಮೆ ತೊಳೆದು ನೋಡಿ.

ಇಂಕ್ ತುಂಬುವ ಡಬ್ಬಿ ಬಿಡಿಸಿ, ತುದಿಯ ಭಾಗವನ್ನು ಬೆಚ್ಚನೆ ಬಿಳಿಗಾರದ ನೀರಿನಲ್ಲಿ ಒಂದು ರಾತ್ರಿ ಮುಳುಗಿಸಿ. ಕಪ್ಪು ಬಿಟ್ಟ ನೀರು ಚೆಲ್ಲಿ, ಹೊಸ ನೀರು ಹಾಕಿ. ನೀರು ತಿಳಿಯಾಗುವ ತನಕ ಹೀಗೆ ಮಾಡಿ. ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿದಾಗ ಟಿಕ್ ಟಿಕ್ ಅಂದರೆ ಒಳಗಿನ ಸೂಜಿ ಬಿಟ್ಟಿದೆ ಅಂತ ಅರ್ಥ. ಶಬ್ದ ಬರದಿದ್ದರೆ ಇನ್ನೂ ನೆನೆಯಲಿ. 0.1, 0.2 ಎಂಎಂ ಪೆನ್ನಿನ ಸೂಜಿಯನ್ನು ಹೊರಗೆ ಎಳೆಯಲೇಬೇಡಿ. ಕೂದಲಿಗಿಂತ ಹೆಚ್ಚು ದಪ್ಪವಿಲ್ಲದ ತಂತಿ ಅದು. ಒಮ್ಮೆ ಬಾಗಿದರೆ ಮತ್ತೆ ತೂತಿಗೆ ಹೋಗುವುದಿಲ್ಲ. ನೆನೆಸಿದರೂ ಬಿಡದ ಪೆನ್ನಿಗೆ ಅಲ್ಟ್ರಾಸಾನಿಕ್ ಕ್ಲೀನರ್ ಇದೆ. ಕನ್ನಡಕದ ಅಂಗಡಿಯವರೂ ಚಿನ್ನದಂಗಡಿಯವರೂ ಇಡುವ ಯಂತ್ರ ಅದು. ಪೆನ್ನಿನ ತುದಿಯನ್ನು ನೀರು ತುಂಬಿದ ಸಣ್ಣ ಗಾಜಿನ ಬಾಟಲಿಯಲ್ಲಿ ಹಾಕಿ ಮುಚ್ಚಿ ಕೊಟ್ಟರೆ ಅವರ ಯಂತ್ರವೂ ಕಪ್ಪಾಗುವುದಿಲ್ಲ.

ಅದ್ದಿ ಬರೆಯುವ ನಿಬ್ಬಿಗೆ ಬಿಳಿಗಾರದ ನೀರು, ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ಅಕ್ರಿಲಿಕ್ ಹಿಡಿದಿದ್ದರೆ ಐಪಿಎಯಲ್ಲಿ ಹತ್ತು ನಿಮಿಷ ನೆನೆಸಿ ಉಜ್ಜಿ. ಪ್ಲಾಸ್ಟಿಕ್ ಹಿಡಿಕೆಗೆ ಐಪಿಎ ತಾಗಿಸಬೇಡಿ. ನಿಬ್ಬನ್ನು ರಾತ್ರಿಯಿಡೀ ನೀರಿನಲ್ಲಿ ಬಿಟ್ಟರೆ ನಮ್ಮ ಹವೆಗೆ ಬೆಳಗ್ಗೆ ತುಕ್ಕು ಖಂಡಿತ. ತೊಳೆದ ಕೂಡಲೇ ಒರೆಸಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಡಬ್ಬಿಯಲ್ಲಿ ಮುಚ್ಚಿಡಿ.

ಮತ್ತೆ ಗಟ್ಟಿಯಾಗದ ಹಾಗೆ ಇಡುವುದು

ಅರ್ಧ ಖಾಲಿ ಬಾಟಲಿಯಲ್ಲಿ ಅರ್ಧ ಗಾಳಿ ಇರುತ್ತದೆ, ಇಂಕ್ ಒಣಗುವುದು ಅದರಿಂದಲೇ. ಇಂಕ್ ಕಮ್ಮಿಯಾದ ಹಾಗೆ ಸಣ್ಣ ಬಾಟಲಿಗೆ ಬಗ್ಗಿಸಿ. ನಿಬ್ಬನ್ನು ದೊಡ್ಡ ಬಾಟಲಿಗೇ ಅದ್ದುವ ಅಭ್ಯಾಸ ಬಿಡಿ. 10 ಎಂಎಲ್ ಬಾಟಲಿಗೆ ಅಂದಿನ ಕೆಲಸಕ್ಕೆ ಬೇಕಾದಷ್ಟು ತೆಗೆದುಕೊಳ್ಳಿ, ಉಳಿದದ್ದನ್ನು ವಾಪಸ್ ಸುರಿಯಬೇಡಿ. ಎರಡು ಕಂಪನಿಯ ಇಂಕ್ ಬೆರೆಸುವುದೂ ಬೇಡ. ಒಂದರ ಅಂಟು ಇನ್ನೊಂದಕ್ಕೆ ಆಗದಿದ್ದರೆ ಎರಡೂ ಹಾಳು.

ಅಟ್ಟದ ಮೇಲೆ, ಒಲೆಯ ಹತ್ತಿರ, ಪಡುವಣ ಬಿಸಿಲು ಬೀಳುವ ಕಿಟಕಿಯಲ್ಲಿ ಇಂಕ್ ಇಡಬೇಡಿ. ಕೆಳಗಿನ ಕೋಣೆಯ ಕಪಾಟು ಒಳ್ಳೆಯದು. ಮುಚ್ಚುವ ಮುಂಚೆ ಪ್ರತಿ ಸಲ ಬಾಟಲಿಯ ಕತ್ತು ಒರೆಸಿ. ತೆರೆದ ತಿಂಗಳು, ಅಂಟಿನ ಬಗೆ ಎರಡನ್ನೂ ಲೇಬಲ್ ಮೇಲೆ ಬರೆದಿಟ್ಟರೆ ಮುಂದಿನ ಸಲ ಚಕ್ಕೆ ಪರೀಕ್ಷೆ ಮಾಡುವ ಕೆಲಸವೇ ಇರುವುದಿಲ್ಲ.

ಬೂಷ್ಟು ಹಿಡಿದು ಕೊಳೆತ ವಾಸನೆ ಬರುವ ಇಂಕನ್ನು ಸೋಸಿ ಬಳಸಬೇಡಿ. ಬೂಷ್ಟು ಕಾಗದಕ್ಕೂ ಪಕ್ಕದ ಬಾಟಲಿಗೂ ಹೋಗುತ್ತದೆ. ಎಸೆಯಬೇಕಾದ ಇಂಕನ್ನು ಬಾವಿಕಟ್ಟೆಯಲ್ಲೋ ಹೊಳೆಗೋ ಚೆಲ್ಲದೆ, ಹಳೆಯ ಪತ್ರಿಕೆಯ ಮೇಲೋ ಮರದ ಹೊಟ್ಟಿಗೋ ಸುರಿದು ಒಣಗಿಸಿ ಒಣಕಸದ ಜೊತೆ ಹಾಕಿ. ಗಾಜಿನ ಬಾಟಲಿಯನ್ನು ಬಿಳಿಗಾರದ ನೀರಿನಲ್ಲಿ ತೊಳೆದು ಒಣಗಿಸಿದರೆ ಮುಂದಿನ ಇಂಕ್ ಸೋಸಲು ಅದೇ ಆಗುತ್ತದೆ.